ಎದುರಿನವರ ಮುಖ ಮಸುಕಾದಾಗ: ಮ್ಯಾಕ್ಯುಲಾ ಕಾಯಿಲೆಯನ್ನು ನಿಭಾಯಿಸುವುದು ಹೇಗೆ?

ಬಾಗಿಲಿನ ಚೌಕಟ್ಟು ನಡುವೆ ಬಾಗಿದೆ, ಬಡಗಿಯನ್ನು ಕರೆಸು ಎಂದು ನನ್ನ ತಂದೆ ಎರಡು ವಾರ ಹೇಳಿದರು. ನಾನು ಅಳತೆಪಟ್ಟಿ ಹಿಡಿದು, ಅದು ನೆಟ್ಟಗೇ ಇದೆ ಎಂದು ವಾದಿಸಿದೆ. ಒಂದು ದಿನ ಅವರ ಎಡಗಣ್ಣಿಗೆ ಧೂಳು ಬಿತ್ತು. ಅದನ್ನು ಮುಚ್ಚಿಕೊಂಡು ಬಲಗಣ್ಣೊಂದರಿಂದಲೇ ಪತ್ರಿಕೆ ನೋಡಿದರೆ ಸಾಲಿನ ನಡುವಣ ಅಕ್ಷರಗಳೇ ಇರಲಿಲ್ಲ. ಡೊಂಕಾಗಿದ್ದದ್ದು ಬಾಗಿಲಲ್ಲ ಎಂದು ಆಗ ಗೊತ್ತಾಯಿತು. ಆ ಎರಡು ವಾರಗಳನ್ನು ನಾವು ಬಡಗಿಯ ಚರ್ಚೆಯಲ್ಲಿ ಕಳೆದಿದ್ದೆವು.

ಕಣ್ಣಿನ ಹಿಂಬದಿಯ ಒಳಗೋಡೆಗೆ ಅಂಟಿಕೊಂಡಿರುವ ತೆಳುವಾದ ಪದರ ಅಕ್ಷಿಪಟಲ. ಆಸ್ಪತ್ರೆಯಲ್ಲಿ ಎಲ್ಲರೂ ರೆಟಿನಾ ಎನ್ನುತ್ತಾರೆ. ಅದರ ನಟ್ಟನಡುವೆ ಸುಮಾರು 5 ಮಿಲಿಮೀಟರ್ ಅಗಲದ ಜಾಗವೇ ಮ್ಯಾಕ್ಯುಲಾ. ಓದುವುದು, ಸೂಜಿಗೆ ದಾರ ಪೋಣಿಸುವುದು, ಮುಖದ ಗುರುತು ಹಿಡಿಯುವುದು, ಇವೆಲ್ಲ ಆ ಕಾಳಿನಷ್ಟು ಜಾಗದ ಕೆಲಸ. ಅದು ಕೆಟ್ಟರೆ ನೋಟದ ನಡುಭಾಗ ಮಸುಕಾಗುತ್ತದೆ, ಸುತ್ತಲಿನ ನೋಟ ಉಳಿಯುತ್ತದೆ. ಹೀಗಾಗಿ ನೆಲದ ಮೇಲೆ ಬಿದ್ದ ಗುಂಡುಪಿನ್ನನ್ನು ಎತ್ತಿಕೊಟ್ಟವರು ಎದುರಿಗೆ ಬಂದು ನಿಂತ ಮಗಳ ಗುರುತು ಹಿಡಿಯದೆ ಹೋಗಬಹುದು. ಮನೆಯವರಿಗೆ ಇದು ನಾಟಕದಂತೆ ಕಾಣುತ್ತದೆ. ನಾಟಕವಲ್ಲ, ಕಾಯಿಲೆಯ ಸ್ವಭಾವವೇ ಅದು. ಇದೊಂದರಿಂದಲೇ ಕಣ್ಣಿಗೆ ಪೂರ್ತಿ ಕತ್ತಲು ಕವಿಯುವುದು ಬಹಳ ಅಪರೂಪ.

ಮುಂದಿನ ಹೆಜ್ಜೆಗಳನ್ನು ಓದುವ ಮುನ್ನ ಒಂದು ಮಾತು. ಚಿಕಿತ್ಸೆಯನ್ನೂ, ಉಳಿದ ನೋಟವನ್ನು ಬಳಸುವ ಕಲಿಕೆಯನ್ನೂ ಒಟ್ಟಿಗೇ ಆರಂಭಿಸಿ. ವೈದ್ಯರು "ಇನ್ನು ಮಾಡುವುದೇನೂ ಇಲ್ಲ" ಎಂದ ಮೇಲೆಯೇ ಹೆಚ್ಚಿನವರು ಎರಡನೆಯದನ್ನು ಹುಡುಕಿಕೊಂಡು ಹೋಗುತ್ತಾರೆ. ಅಷ್ಟು ಹೊತ್ತಿಗೆ ಓದುವ ಅಭ್ಯಾಸ, ಒಬ್ಬರೇ ಹೊರಗೆ ಹೋಗುವ ಧೈರ್ಯ ಎರಡೂ ಬಿಟ್ಟುಹೋಗಿರುತ್ತವೆ.

ಹೆಜ್ಜೆ 1: ಒಂದೊಂದೇ ಕಣ್ಣು ಮುಚ್ಚಿ ನೋಡಿ

ಎರಡೂ ಕಣ್ಣು ತೆರೆದಿದ್ದಾಗ ಚೆನ್ನಾಗಿರುವ ಕಣ್ಣು ಇನ್ನೊಂದರ ಲೋಪವನ್ನು ಮುಚ್ಚಿಹಾಕುತ್ತದೆ. ಅದಕ್ಕೇ ಈ ಕಾಯಿಲೆ ತಡವಾಗಿ ಗೊತ್ತಾಗುವುದು. ಸ್ವಿಟ್ಜರ್ಲೆಂಡಿನ ನೇತ್ರತಜ್ಞ ಮಾರ್ಕ್ ಆಮ್‌ಸ್ಲರ್ ಬಳಕೆಗೆ ತಂದ ಒಂದು ಚೌಕುಳಿ ಹಾಳೆ ಇದೆ. 10 ಸೆಂಟಿಮೀಟರ್ ಚೌಕದೊಳಗೆ ಅರ್ಧರ್ಧ ಸೆಂಟಿಮೀಟರಿನ ಮನೆಗಳು, ನಡುವೆ ಒಂದು ಚುಕ್ಕೆ. ಓದುವ ಕನ್ನಡಕ ಹಾಕಿಕೊಂಡು, ಹಾಳೆಯನ್ನು ಓದುವ ದೂರದಲ್ಲಿ ಹಿಡಿದು, ಒಂದು ಕಣ್ಣು ಮುಚ್ಚಿ ಚುಕ್ಕೆಯನ್ನೇ ನೋಡಿ. ಗೆರೆಗಳು ಬಾಗಿವೆಯೇ, ಅಲೆಯಂತಿವೆಯೇ, ಎಲ್ಲಿಯಾದರೂ ಅಳಿಸಿಹೋದಂತಿವೆಯೇ? ಇನ್ನೊಂದು ಕಣ್ಣಿಗೂ ಹೀಗೆಯೇ ಮಾಡಿ. ಹಾಳೆ ಇಲ್ಲದಿದ್ದರೆ ಕಿಟಕಿಯ ಸರಳು, ನೆಲದ ಟೈಲ್ಸ್ ಆದರೂ ಆದೀತು. ಆದರೆ ಗೆರೆ ನೆಟ್ಟಗೆ ಕಂಡಿತೆಂದು ನಿಯಮಿತ ತಪಾಸಣೆಯನ್ನು ಬಿಡಬಾರದು. ಆರಂಭದ ಹಂತದಲ್ಲಿ ಈ ಹಾಳೆಗೆ ಏನೂ ಸಿಕ್ಕದಿರಬಹುದು.

ಹೆಜ್ಜೆ 2: ರೆಟಿನಾ ತಜ್ಞರ ಬಳಿಗೆ, ತಿಂಗಳಲ್ಲಿ ಅಲ್ಲ, ದಿನಗಳಲ್ಲಿ

ಗೆರೆ ಹೊಸದಾಗಿ ಡೊಂಕಾಗಿ ಕಂಡರೆ ಅಥವಾ ನಡುವೆ ಇದ್ದಕ್ಕಿದ್ದಂತೆ ಕಲೆ ಮೂಡಿದರೆ ಅದೇ ವಾರ ತೋರಿಸಬೇಕು. ಫೋನಿನಲ್ಲಿ ಸಮಯ ಕೇಳುವಾಗ "ಕಣ್ಣು ಮಂಜು" ಎಂದಷ್ಟೇ ಹೇಳಿದರೆ ಪೊರೆ ಬಂದವರ ಸಾಲಿಗೆ ಸೇರಿಸುತ್ತಾರೆ. "ನೆಟ್ಟಗಿನ ಗೆರೆ ಬಾಗಿ ಕಾಣುತ್ತಿದೆ, ಇಷ್ಟು ದಿನದಿಂದ" ಎಂದು ಹೇಳಿ. ಆ ಒಂದು ವಾಕ್ಯದಿಂದಲೇ ನಮಗೆ ಮರುದಿನದ ಸಮಯ ಸಿಕ್ಕಿತು.

ಅಲ್ಲಿ ಪಾಪೆ ಹಿಗ್ಗಿಸುವ ಹನಿ ಹಾಕುತ್ತಾರೆ. ಕೆಲವು ಗಂಟೆ ಬೆಳಕು ಚುಚ್ಚುತ್ತದೆ, ವಾಹನ ಓಡಿಸುವಂತಿಲ್ಲ, ಜೊತೆಗೆ ಯಾರಾದರೂ ಇರಲಿ. ಮುಖ್ಯವಾದ ಪರೀಕ್ಷೆ ಓಸಿಟಿ ಸ್ಕ್ಯಾನ್. ಬೆಳಕಿನ ಸಹಾಯದಿಂದ ರೆಟಿನಾದ ಪದರಗಳನ್ನು ಅಡ್ಡಲಾಗಿ ಕೊಯ್ದು ತೋರಿಸಿದಂತಹ ಚಿತ್ರ ಅದು. ನೋವಿಲ್ಲ, ಕೆಲವೇ ನಿಮಿಷದ ಕೆಲಸ. ಕೆಲವೊಮ್ಮೆ ತೋಳಿನ ರಕ್ತನಾಳಕ್ಕೆ ಹಳದಿ ಬಣ್ಣದ ದ್ರವ ಕೊಟ್ಟು ಕಣ್ಣಿನ ಚಿತ್ರ ತೆಗೆಯುತ್ತಾರೆ. ಆಮೇಲೆ ಒಂದು ದಿನ ಮೂತ್ರ, ಚರ್ಮ ಹಳದಿಯಾಗಿರುತ್ತದೆ. ಮೊದಲೇ ಗೊತ್ತಿದ್ದರೆ ಕಾಮಾಲೆ ಎಂದು ಗಾಬರಿಯಾಗುವುದಿಲ್ಲ.

ಹೊರಗೆ ಬರುವ ಮುನ್ನ ಇಷ್ಟನ್ನು ಕೇಳಿ ಬರೆದುಕೊಳ್ಳಿ: ನನ್ನ ಕಾಯಿಲೆಯ ಪೂರ್ತಿ ಹೆಸರೇನು? ಒಣ ಬಗೆಯೋ, ಒದ್ದೆ ಬಗೆಯೋ? ಇನ್ನೊಂದು ಕಣ್ಣಿನ ಸ್ಥಿತಿ ಏನು? ಸ್ಕ್ಯಾನಿನ ಪ್ರತಿ ಕೊಡುತ್ತೀರಾ? ಮುಂದೆ ವೈದ್ಯರನ್ನು ಬದಲಿಸಬೇಕಾಗಿ ಬಂದರೆ ಹಳೆಯ ಸ್ಕ್ಯಾನ್ ಇಲ್ಲದೆ ಹೋಲಿಕೆ ಸಾಧ್ಯವಿಲ್ಲ.

ಹೆಜ್ಜೆ 3: ಬಗೆ ಯಾವುದೆಂದು ತಿಳಿಯಿರಿ

ವಯಸ್ಸಿನೊಂದಿಗೆ ಬರುವ ಮ್ಯಾಕ್ಯುಲಾ ಸವೆತದಲ್ಲಿ ಎರಡು ಬಗೆ. ಒಣ ಬಗೆಯಲ್ಲಿ ರೆಟಿನಾದ ಅಡಿಯಲ್ಲಿ ಡ್ರೂಸೆನ್ ಎಂಬ ಹಳದಿ ಕಣಗಳು ಕೂಡಿಕೊಳ್ಳುತ್ತವೆ, ವರ್ಷಗಳ ಕಾಲ ನಿಧಾನವಾಗಿ ಜೀವಕೋಶಗಳು ಸವೆಯುತ್ತವೆ. ಹೆಚ್ಚಿನವರದು ಇದೇ. ಒದ್ದೆ ಬಗೆಯಲ್ಲಿ ಹಿಂದಿನ ಪದರದಿಂದ ದುರ್ಬಲವಾದ ಹೊಸ ರಕ್ತನಾಳಗಳು ಬೆಳೆದು, ಸೋರಿ, ಮ್ಯಾಕ್ಯುಲಾವನ್ನು ಉಬ್ಬಿಸುತ್ತವೆ. ಕಡಿಮೆ ಜನರಿಗೆ ಬರುವುದಾದರೂ ವೇಗವಾಗಿ ಕೆಡಿಸುವುದು ಇದೇ. ಒಣ ಬಗೆ ಇದ್ದವರಿಗೆ ಮುಂದೆ ಒದ್ದೆಯೂ ಆಗಬಹುದು. ಇವಲ್ಲದೆ ಸಕ್ಕರೆ ಕಾಯಿಲೆಯಿಂದ ಬರುವ ಮ್ಯಾಕ್ಯುಲಾ ಊತವಿದೆ, ಹೆಚ್ಚು ಮೈನಸ್ ಪವರ್ ಇರುವವರಿಗೆ ಬರುವ ಸವೆತವಿದೆ, ಎಳೆಯರಲ್ಲಿ ಕಾಣಿಸುವ ವಂಶವಾಹಿ ಸ್ಟಾರ್ಗಾರ್ಟ್ ಕಾಯಿಲೆ ಇದೆ. ಹೆಸರು ತಿಳಿಯದೆ ಮಾತ್ರೆ ನುಂಗಬಾರದು ಎನ್ನುವುದಕ್ಕೆ ಈ ಕೊನೆಯದೇ ಸಾಕ್ಷಿ: ಕಣ್ಣಿಗೆ ಒಳ್ಳೆಯದೆಂದು ಎಲ್ಲರೂ ಹೇಳುವ ವಿಟಮಿನ್ ಎ ಮಾತ್ರೆಯನ್ನು ಸ್ಟಾರ್ಗಾರ್ಟ್ ಇದ್ದವರು ತೆಗೆದುಕೊಳ್ಳಬಾರದೆಂದು ವೈದ್ಯರು ಎಚ್ಚರಿಸುತ್ತಾರೆ.

ಹೆಜ್ಜೆ 4: ಒದ್ದೆ ಬಗೆಯಾದರೆ ಕಣ್ಣಿನ ಇಂಜೆಕ್ಷನ್‌ಗೆ ಸಿದ್ಧರಾಗಿ

ಕಣ್ಣಿಗೆ ಸೂಜಿ ಎಂದ ಕೂಡಲೇ ನನ್ನ ತಂದೆ ಎದ್ದು ಹೊರಟೇಬಿಟ್ಟಿದ್ದರು. ಹೆದರಿಕೆ ಸಹಜ. ಆದರೆ ನಡೆಯುವುದು ಹೀಗೆ: ಮೊದಲು ಜೋಮು ಹಿಡಿಸುವ ಹನಿ. ನಂತರ ಸೋಂಕು ತಡೆಯಲು ಅಯೋಡಿನ್ ದ್ರಾವಣ. ರೆಪ್ಪೆ ಮಿಟುಕದಂತೆ ಸಣ್ಣ ಕ್ಲಿಪ್. ಇನ್ನೊಂದು ಕಡೆ ನೋಡಿ ಎನ್ನುತ್ತಾರೆ. ಕಣ್ಣಿನ ಬಿಳಿಭಾಗದಲ್ಲಿ, ಕರಿಗುಡ್ಡೆಯ ಅಂಚಿನಿಂದ ಸುಮಾರು 4 ಮಿಲಿಮೀಟರ್ ದೂರದಲ್ಲಿ, ತೀರಾ ಸಣ್ಣ ಸೂಜಿ. ಒತ್ತಿದಂತೆ ಅನಿಸುತ್ತದೆ. ಚುಚ್ಚುವುದಕ್ಕೆ ಹಿಡಿಯುವುದು ಕೆಲವೇ ಸೆಕೆಂಡು, ಉಳಿದ ಸಮಯವೆಲ್ಲ ತಯಾರಿಗೆ. ಸೂಜಿ ಎದುರಿನಿಂದ ಬರುವುದು ಕಾಣುವುದಿಲ್ಲ. ಈ ಒಂದು ಮಾತನ್ನು ಮೊದಲೇ ಹೇಳಿದ್ದರೆ ತಂದೆ ಎದ್ದು ಬರುತ್ತಿರಲಿಲ್ಲ.

ಅಂದು ಸಂಜೆ ಕಣ್ಣಲ್ಲಿ ಮರಳು ಬಿದ್ದಂತೆ ಉರಿಯುವುದು ಸಾಮಾನ್ಯವಾಗಿ ಅಯೋಡಿನ್ ಪ್ರತಾಪ. ಬಿಳಿಭಾಗದಲ್ಲಿ ಕೆಂಪು ಕಲೆ, ಒಂದೆರಡು ದಿನ ತೇಲುವ ಗುಳ್ಳೆಗಳು ಕಂಡರೆ ಹೆದರಬೇಕಾಗಿಲ್ಲ. ಆದರೆ ಮುಂದಿನ ದಿನಗಳಲ್ಲಿ ನೋವು ಹೆಚ್ಚುತ್ತಾ ಹೋದರೆ, ಕೆಂಪು ಏರಿದರೆ, ಬೆಳಕು ಸಹಿಸಲಾಗದಿದ್ದರೆ, ನೋಟ ಕುಸಿದರೆ ಅದು ಒಳಗಿನ ಸೋಂಕಾಗಿರಬಹುದು. ಸಾವಿರಾರು ಇಂಜೆಕ್ಷನ್‌ಗಳಲ್ಲಿ ಒಂದೆರಡಕ್ಕೆ ಆಗುವಂಥದ್ದು, ಆದರೂ ರಾತ್ರಿಯಾದರೂ ಸರಿ, ಬೆಳಗಾಗಲೆಂದು ಕಾಯಬೇಡಿ. ತುರ್ತು ಸಂಖ್ಯೆಯನ್ನು ಮೊದಲ ದಿನವೇ ಕೇಳಿಟ್ಟುಕೊಳ್ಳಿ.

ಔಷಧ ಮಾಡುವುದೇನು? ಹೊಸ ರಕ್ತನಾಳ ಬೆಳೆಸುವ, ಸೋರಿಸುವ ವಿಇಜಿಎಫ್ ಎಂಬ ಪ್ರೋಟೀನನ್ನು ತಡೆಯುತ್ತದೆ. ಇಂಥ ಔಷಧಗಳಲ್ಲಿ ರಾನಿಬಿಜುಮಾಬ್‌ಗೆ ಅಮೆರಿಕದಲ್ಲಿ 2006ರಲ್ಲಿ ಮನ್ನಣೆ ಸಿಕ್ಕಿತು, ಅಫ್ಲಿಬರ್ಸೆಪ್ಟ್‌ಗೆ 2011ರಲ್ಲಿ, ಫಾರಿಸಿಮಾಬ್‌ಗೆ 2022ರಲ್ಲಿ. ಬೆವಾಸಿಜುಮಾಬ್ ಮೂಲತಃ ಕರುಳಿನ ಕ್ಯಾನ್ಸರಿಗೆ ಬಂದ ಔಷಧ. ಬಹಳ ಅಗ್ಗ. ಕಣ್ಣಿನಲ್ಲಿ ಅದು ರಾನಿಬಿಜುಮಾಬ್‌ಗೆ ಸರಿಸಮ ಎಂದು 2011ರ ದೊಡ್ಡ ಅಧ್ಯಯನವೊಂದು ತೋರಿಸಿತು. ಹಣದ ಚಿಂತೆ ಇದ್ದರೆ ಈ ಆಯ್ಕೆಯ ಬಗ್ಗೆ ವೈದ್ಯರನ್ನು ಸಂಕೋಚವಿಲ್ಲದೆ ಕೇಳಿ. ದುಬಾರಿ ಔಷಧ ಆರಂಭಿಸಿ ನಡುವೆ ನಿಲ್ಲಿಸುವುದಕ್ಕಿಂತ ಅಗ್ಗದ್ದನ್ನು ಬಿಡದೆ ಮುಂದುವರಿಸುವುದು ಮೇಲು.

ನಿಲ್ಲಿಸುವುದೇ ಇಲ್ಲಿನ ದೊಡ್ಡ ಅಪಾಯ. ಒದ್ದೆ ಬಗೆಗೆ ಸಾಮಾನ್ಯವಾಗಿ ಮೊದಲು ತಿಂಗಳಿಗೊಂದರಂತೆ ಮೂರು ಇಂಜೆಕ್ಷನ್. ನಂತರ ಸ್ಕ್ಯಾನ್ ನೋಡಿ ಅಂತರವನ್ನು ಆರು, ಎಂಟು, ಹತ್ತು ವಾರ ಎಂದು ಹಿಗ್ಗಿಸುತ್ತಾ ಹೋಗುತ್ತಾರೆ. ಅನೇಕರಿಗೆ ಇದು ವರ್ಷಗಟ್ಟಲೆ, ಹನುಮಂತನ ಬಾಲ. ನಾಲ್ಕನೆಯದರ ಹೊತ್ತಿಗೆ "ಕಣ್ಣು ಚೆನ್ನಾಗಿದೆಯಲ್ಲ, ಸಾಕು" ಎಂದು ಎಲ್ಲರಿಗೂ ಅನಿಸುತ್ತದೆ. ಚೆನ್ನಾಗಿರುವುದು ಇಂಜೆಕ್ಷನ್ ಇರುವುದರಿಂದ. ರಾನಿಬಿಜುಮಾಬ್‌ನ ಆರಂಭದ ಪ್ರಯೋಗದಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಜನರ ನೋಟ ಹೆಚ್ಚು ಕುಸಿಯದೆ ಉಳಿಯಿತು, ಸುಮಾರು ಮೂರನೇ ಒಂದು ಭಾಗದವರಿಗೆ ಗಮನಾರ್ಹವಾಗಿ ಸುಧಾರಿಸಿತು. ಆದರೆ ಅವರಿಗೆ ತಿಂಗಳು ತಪ್ಪದೆ ಚುಚ್ಚಲಾಗಿತ್ತು ಎಂಬುದನ್ನು ಮರೆಯಬಾರದು.

ಹೆಜ್ಜೆ 5: ಒಣ ಬಗೆಯಾದರೆ

ಸವೆದದ್ದನ್ನು ಮರಳಿ ತರುವ ಔಷಧ ಇಲ್ಲ. ಧೂಮಪಾನ ಇದ್ದರೆ ಇಂದೇ ಬಿಡಿ. ನಿಮ್ಮ ಕೈಯಲ್ಲಿರುವ ಅತಿ ದೊಡ್ಡ ಅಸ್ತ್ರ ಅದೇ. ಮಧ್ಯಮ ಹಂತದಲ್ಲಿ ಇರುವವರಿಗೆ ಎಆರ್‌ಇಡಿಎಸ್2 ಎಂಬ ಸೂತ್ರದ ಮಾತ್ರೆ ಉಪಯೋಗವಾಗುತ್ತದೆ: ವಿಟಮಿನ್ ಸಿ 500 ಮಿಲಿಗ್ರಾಂ, ವಿಟಮಿನ್ ಇ 400 ಯೂನಿಟ್, ಲ್ಯೂಟೀನ್ 10, ಜಿಯಾಜಾಂಥಿನ್ 2, ಜಿಂಕ್ 80, ತಾಮ್ರ 2 ಮಿಲಿಗ್ರಾಂ. ಹಳೆಯ ಸೂತ್ರದಲ್ಲಿದ್ದ ಬೀಟಾ ಕ್ಯಾರೊಟಿನ್ ಧೂಮಪಾನಿಗಳಲ್ಲಿ ಶ್ವಾಸಕೋಶದ ಕ್ಯಾನ್ಸರ್ ಅಪಾಯ ಹೆಚ್ಚಿಸುವುದರಿಂದ ಅದನ್ನು ಕೈಬಿಟ್ಟರು. ಡಬ್ಬಿಯ ಹಿಂದಿನ ಪಟ್ಟಿ ಓದಿ ಕೊಳ್ಳಿ. ಆರಂಭದ ಹಂತದವರಿಗೆ ಈ ಮಾತ್ರೆಯಿಂದ ಲಾಭ ಕಂಡುಬಂದಿಲ್ಲ. ಮುಂದುವರಿದ ಒಣ ಸವೆತದ ವೇಗ ತಗ್ಗಿಸುವ ಎರಡು ಇಂಜೆಕ್ಷನ್‌ಗಳಿಗೆ 2023ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಅವು ನೋಟವನ್ನು ಹೆಚ್ಚಿಸುವುದಿಲ್ಲ, ಸವೆತವನ್ನು ಮುಂದೂಡುತ್ತವೆ ಅಷ್ಟೇ.

"ಕನ್ನಡಕ ತೆಗೆದೆಸೆಯಿರಿ, ಸೂರ್ಯನನ್ನು ನೋಡಿ, ಈ ಹನಿ ಹಾಕಿ" ಎನ್ನುವವರು ಬಹಳ ಮಂದಿ ಸಿಗುತ್ತಾರೆ. ಸೂರ್ಯನನ್ನು ದಿಟ್ಟಿಸಿದರೆ ಸುಡುವುದು ಮ್ಯಾಕ್ಯುಲಾವೇ. ಕಾಂಡಕೋಶ (ಸ್ಟೆಮ್ ಸೆಲ್) ಚಿಕಿತ್ಸೆಯ ಜಾಹೀರಾತು ಇದಕ್ಕಿಂತ ಅಪಾಯಕಾರಿ. ಫ್ಲಾರಿಡಾದ ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ಹಣ ಕೊಟ್ಟು ಎರಡೂ ಕಣ್ಣಿಗೆ ಅದನ್ನು ಚುಚ್ಚಿಸಿಕೊಂಡ ಮೂವರು ಮಹಿಳೆಯರ ನೋಟ ತೀವ್ರವಾಗಿ ಹಾಳಾದದ್ದು 2017ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ನಿಜವಾದ ಸಂಶೋಧನೆಯಲ್ಲಿ ಒಂದೇ ದಿನ ಎರಡೂ ಕಣ್ಣಿಗೆ ಕೈ ಹಾಕುವುದಿಲ್ಲ, ರೋಗಿಯಿಂದ ಹಣ ಕೇಳುವುದೂ ವಿರಳ.

ಹೆಜ್ಜೆ 6: ಓರೆನೋಟ ಕಲಿಯಿರಿ

ಚಿಕಿತ್ಸೆಯ ಜೊತೆಗೇ ಆರಂಭಿಸಿ ಎಂದದ್ದು ಇದನ್ನೇ. ಎದುರಿಗೆ ಕೂತವರ ಮುಖವನ್ನು ಗಡಿಯಾರ ಎಂದುಕೊಳ್ಳಿ. ಮೂಗನ್ನು ನೋಡಬೇಡಿ, 12 ಗಂಟೆಯ ಜಾಗ ನೋಡಿ. ಆಮೇಲೆ 3, 6, 9. ಯಾವ ಜಾಗದಲ್ಲಿ ದೃಷ್ಟಿ ನಿಂತಾಗ ಮುಖ ಹೆಚ್ಚು ಸ್ಪಷ್ಟವೋ ಅದು ನಿಮ್ಮ ಹೊಸ ನೋಟದ ಜಾಗ. ದಿನಕ್ಕೆ ಹತ್ತು ನಿಮಿಷ, ಮೊದಲು ದೊಡ್ಡ ಅಕ್ಷರ, ಆಮೇಲೆ ಸಣ್ಣದು. ತಂದೆಗೆ ಹಣೆಯ ಮೇಲುಭಾಗ ಒಗ್ಗಿತು. ಇವರು ನನ್ನ ಕೂದಲನ್ನೇಕೆ ನೋಡುತ್ತಾರೆ ಎಂದು ನೆಂಟರೊಬ್ಬರು ಬೇಸರಿಸಿಕೊಂಡಿದ್ದರು. ಮೊದಲೇ ಹೇಳಿಬಿಡಿ. ಕಣ್ಣನ್ನು ಬಳಸಿದರೆ ಸವೆಯುತ್ತದೆ ಎಂಬುದು ಸುಳ್ಳು, ಎಷ್ಟು ಬೇಕಾದರೂ ಓದಬಹುದು.

ಭೂತಗನ್ನಡಿಯನ್ನು ಅಂಗಡಿಯಲ್ಲಿ ಅಂದಾಜಿನ ಮೇಲೆ ಕೊಳ್ಳಬೇಡಿ. ಶಕ್ತಿ ಹೆಚ್ಚಿದಷ್ಟೂ ಕಾಣುವ ಕಿಂಡಿ ಚಿಕ್ಕದಾಗುತ್ತದೆ, ಒಮ್ಮೆಗೆ ಎರಡೇ ಅಕ್ಷರ ಕಂಡರೆ ಓದು ಸಾಗದು. ಮಂದದೃಷ್ಟಿ ವಿಭಾಗವಿರುವ ಆಸ್ಪತ್ರೆಯಲ್ಲಿ ಬೇರೆಬೇರೆ ಗಾಜುಗಳನ್ನು ಹಿಡಿದು ನೋಡಿ ಆರಿಸಬಹುದು. ಗಾಜಿಗಿಂತ ಮೊದಲು ದೀಪ. ದೀಪವನ್ನು ಅರ್ಧ ದೂರಕ್ಕೆ ತಂದರೆ ಪುಟದ ಮೇಲೆ ಬೀಳುವ ಬೆಳಕು ಸುಮಾರು ನಾಲ್ಕು ಪಟ್ಟಾಗುತ್ತದೆ. ಕೊಠಡಿಯ ಬಲ್ಬನ್ನು ಬದಲಿಸುವುದಕ್ಕಿಂತ ಭುಜದ ಬದಿಯಲ್ಲಿ ಬಾಗುವ ಕತ್ತಿನ ದೀಪ ಇಡುವುದು ಲಾಭ. ಬಿಳಿ ಲೋಟದಲ್ಲಿ ಹಾಲು ಕಾಣುವುದಿಲ್ಲ, ಗಾಢ ಬಣ್ಣದ ಲೋಟದಲ್ಲಿ ಕಾಣುತ್ತದೆ. ಮೆಟ್ಟಿಲ ಅಂಚಿಗೆ ಎದ್ದು ಕಾಣುವ ಪಟ್ಟಿ ಅಂಟಿಸಿ. ಮೊಬೈಲಿನಲ್ಲಿ ಅಕ್ಷರ ದೊಡ್ಡದು ಮಾಡುವ, ಬಣ್ಣ ತಿರುಗಿಸುವ ಸೌಲಭ್ಯವಿದೆ. ಟಾಕ್‌ಬ್ಯಾಕ್, ವಾಯ್ಸ್‌ಓವರ್ ಪರದೆಯ ಮೇಲಿರುವುದನ್ನು ಓದಿ ಹೇಳುತ್ತವೆ.

ಹೆಜ್ಜೆ 7: ಇಲ್ಲದ್ದು ಕಂಡರೆ ಹೇಳಿಬಿಡಿ

ಒಂದು ರಾತ್ರಿ ತಂದೆ ಗೋಡೆಯ ಮೇಲೆ ಹೂಬಳ್ಳಿ ಹಬ್ಬಿದೆ ಎಂದರು. ಆಮೇಲೆ ಟೋಪಿ ಧರಿಸಿದ ಪುಟ್ಟ ಮನುಷ್ಯರು. ಇದನ್ನು ಅವರು ಒಂದು ತಿಂಗಳು ಬಚ್ಚಿಟ್ಟಿದ್ದರು, ಬುದ್ಧಿ ಕೆಟ್ಟಿತೆಂದು ನಾವು ತಿಳಿದೇವು ಎಂಬ ಅಂಜಿಕೆಯಿಂದ. ಇದಕ್ಕೆ ಚಾರ್ಲ್ಸ್ ಬೋನೆ ಸಿಂಡ್ರೋಮ್ ಎನ್ನುತ್ತಾರೆ. ಸ್ವಿಟ್ಜರ್ಲೆಂಡಿನ ಈ ನಿಸರ್ಗ ವಿಜ್ಞಾನಿ 1760ರಲ್ಲಿ ತನ್ನ ತಾತನಿಗೆ ಹೀಗೆ ಕಾಣುತ್ತಿದ್ದುದನ್ನು ಬರೆದಿಟ್ಟ. ಕಣ್ಣಿನಿಂದ ಸುದ್ದಿ ಬಾರದಾದಾಗ ಮಿದುಳು ತಾನೇ ಚಿತ್ರ ಕಟ್ಟುತ್ತದೆ. ಇದು ಮನೋರೋಗವಲ್ಲ, ಮರೆವಿನ ಕಾಯಿಲೆಯೂ ಅಲ್ಲ. ಈ ಚಿತ್ರಗಳಿಗೆ ಸದ್ದಿರುವುದಿಲ್ಲ, ಅವು ನಿಜವಲ್ಲವೆಂದು ನೋಡುವವರಿಗೂ ಗೊತ್ತಿರುತ್ತದೆ. ದೀಪ ಹಾಕಿದರೆ, ಕಣ್ಣನ್ನು ಎಡಬಲಕ್ಕೆ ಬೇಗಬೇಗ ಹೊರಳಿಸಿದರೆ, ಎದ್ದು ನಡೆದಾಡಿದರೆ ಅನೇಕರಿಗೆ ಮಾಯವಾಗುತ್ತವೆ. ಸದ್ದು ಕೇಳಿಸಿದರೆ ಅಥವಾ ಕಂಡದ್ದೇ ನಿಜ ಎನಿಸತೊಡಗಿದರೆ ಮಾತ್ರ ಬೇರೆ ಕಾರಣವಿರಬಹುದು, ವೈದ್ಯರಿಗೆ ತಿಳಿಸಿ.

ಹೆಜ್ಜೆ 8: ಮನೆಯವರಿಗೂ ಕೆಲಸವಿದೆ

ಹತ್ತಿರ ಬಂದಾಗ ಹೆಸರು ಹೇಳಿ ಮಾತು ಆರಂಭಿಸಿ. "ನಾನು ಯಾರು ಹೇಳಿ ನೋಡೋಣ" ಎಂಬ ಆಟ ಬೇಡ. ಸಾಮಾನುಗಳನ್ನು ಜಾಗ ಬದಲಿಸಬೇಡಿ. ವಾಹನ ಓಡಿಸುವುದನ್ನು ಬಿಡಬೇಕಾದ ದಿನ ಮನೆಯಲ್ಲಿ ಜಗಳ ಆಗಿಯೇ ಆಗುತ್ತದೆ. ಆ ಮಾತನ್ನು ಮಕ್ಕಳಿಗಿಂತ ವೈದ್ಯರು ಹೇಳಿದರೆ ಚೆನ್ನ. ಮಂಕು, ನಿದ್ರೆಗೆಡುವುದು, ಯಾರೊಂದಿಗೂ ಬೆರೆಯದಿರುವುದು ವಾರಗಟ್ಟಲೆ ಮುಂದುವರಿದರೆ ಅದಕ್ಕೂ ಚಿಕಿತ್ಸೆ ಇದೆ. ಇದೇ ಕಾಯಿಲೆ ಇರುವ ಇನ್ನೊಬ್ಬರೊಂದಿಗೆ ಮಾತನಾಡಿಸಿ, ಇಂಜೆಕ್ಷನ್ ದಿನ ಕಾಯುವ ಬೆಂಚಿನಲ್ಲೇ ಅಂಥವರು ಸಿಗುತ್ತಾರೆ. ನೋಟ ನಿಗದಿತ ಮಟ್ಟಕ್ಕಿಂತ ಕೆಳಗಿದ್ದರೆ ಹಲವು ದೇಶಗಳಲ್ಲಿ ದೃಷ್ಟಿದೋಷದ ಪ್ರಮಾಣಪತ್ರ, ಅದರಿಂದ ಕೆಲವು ರಿಯಾಯಿತಿ ಸಿಗುತ್ತವೆ. ಕಣ್ಣಿನ ವಿಭಾಗದಲ್ಲೇ ವಿಚಾರಿಸಿ.

ಇನ್ನೊಂದು ಉಳಿಯಿತು. ವಯಸ್ಸಿನ ಮ್ಯಾಕ್ಯುಲಾ ಸವೆತಕ್ಕೆ ವಂಶದ ನಂಟಿದೆ. ಒಡಹುಟ್ಟಿದವರು, 50 ದಾಟಿದ ಮಕ್ಕಳು ಪಾಪೆ ಹಿಗ್ಗಿಸಿ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಬೇಕು. ನನ್ನ ಚಿಕ್ಕಪ್ಪ ಚೌಕುಳಿ ಹಾಳೆ ನೋಡಿ "ಎಲ್ಲ ನೆಟ್ಟಗಿದೆ, ನನಗೇನೂ ಇಲ್ಲ" ಎಂದರು. ಒತ್ತಾಯಕ್ಕೆ ಹೋಗಿ ಬಂದರು. ಎರಡೂ ಕಣ್ಣಿನಲ್ಲಿ ಡ್ರೂಸೆನ್ ಇತ್ತು. ಬೀಡಿ ಬಿಟ್ಟು ಈಗ ಏಳು ತಿಂಗಳಾಯಿತು.