ದಪ್ಪ ಟೈ ರಾಡ್ ಹಾಕುವ ಮೊದಲು ಪ್ಲೇ ಹುಡುಕಿ

ದೊಡ್ಡ ಟೈರ್ ಹಾಕಿಸಿ, ಮುಂಭಾಗ ಎತ್ತರಿಸಿಕೊಂಡು ಕಲ್ಲುದಾರಿಗೆ ಇಳಿಯುವ ಪಿಕಪ್‌ಗಳ ಕೆಲಸವೇ ನನ್ನ ಕೈಗೆ ಹೆಚ್ಚು ಬರುವುದು. ಬಂದವರು ಕೇಳುವುದೂ ಒಂದೇ: "ದಪ್ಪ ಟೈ ರಾಡ್ ಹಾಕಿಬಿಡಿ." ಸ್ಟೇರಿಂಗ್ ತಿರುಗಿಸಿದ್ದನ್ನು ಮುಂಚಕ್ರಗಳಿಗೆ ತಲುಪಿಸುವ ರಾಡೇ ಟೈ ರಾಡ್. ದಪ್ಪನೆಯದು ಹಾಕಬಹುದು. ಆದರೆ ಸವೆದ ಜಾಯಿಂಟ್‌ಗೆ ಎಷ್ಟು ದಪ್ಪ ರಾಡ್ ಜೋಡಿಸಿದರೂ ಸ್ಟೇರಿಂಗ್ ಬಿಗಿಯಾಗುವುದಿಲ್ಲ.

ಮೊದಲು ಪ್ಲೇ, ಅಂದರೆ ಜಾಯಿಂಟ್‌ಗಳಲ್ಲಿನ ಸಡಿಲ, ಎಲ್ಲಿದೆ ಎಂದು ಹುಡುಕಬೇಕು. ಗಾಡಿ ಸಮತಟ್ಟು ನೆಲದಲ್ಲಿರಲಿ, ಗೇರ್‌ನಿಂದ ತೆಗೆದು ಹ್ಯಾಂಡ್‌ಬ್ರೇಕ್ ಎಳೆದು ಚಕ್ರಗಳಿಗೆ ಅಡ್ಡ ಇಡಿ. ಜಾಕ್ ಬೇಡ, ಭಾರ ಟೈರ್ ಮೇಲೇ ಇರಬೇಕು. ಪವರ್ ಸ್ಟೇರಿಂಗ್ ಇದ್ದರೆ ಎಂಜಿನ್ ಚಾಲೂ ಮಾಡಿ, ಒಳಗೆ ಕೂತವರು ಸ್ಟೇರಿಂಗ್ ಚಕ್ರವನ್ನು ಎಡಕ್ಕೂ ಬಲಕ್ಕೂ ಸ್ವಲ್ಪ ಸ್ವಲ್ಪವೇ ಆಡಿಸುತ್ತಿರಲಿ. ನಾನು ಬೆರಳನ್ನು ಜಾಯಿಂಟ್ ಮೇಲೆ ಅಡ್ಡ ಇಡುತ್ತೇನೆ, ಅರ್ಧ ಜಾಯಿಂಟ್‌ನ ಬಟ್ಟಲಿನ (ಸಾಕೆಟ್) ಮೇಲೆ, ಅರ್ಧ ಅದು ಕೂತ ತೋಳಿನ ಮೇಲೆ. ಎರಡೂ ಒಟ್ಟಿಗೆ ಚಲಿಸಿದರೆ ಸರಿ. ಒಂದು ಹೊರಟ ಮೇಲೆ ಇನ್ನೊಂದು ಹೊರಟರೆ 'ಟಕ್' ಎಂದು ಬೆರಳಿಗೆ ತಟ್ಟುತ್ತದೆ. ಕಣ್ಣಿಗೆ ಕಾಣದ ಸವೆತವೂ ಹೀಗೆ ಸಿಗುತ್ತದೆ. ಟೈ ರಾಡ್ ಎಂಡ್ (ರಾಡ್ ತುದಿಯ ಜಾಯಿಂಟ್), ಸ್ಟೇರಿಂಗ್ ಬಾಕ್ಸ್ (ಸ್ಟೇರಿಂಗ್ ಕಂಬದ ಕೆಳಗಿನ ಗೇರ್ ಪೆಟ್ಟಿಗೆ) ತಿರುಗಿಸುವ ತೋಳಾದ ಪಿಟ್‌ಮನ್ ಆರ್ಮ್, ಅದರಿಂದ ಚಕ್ರದ ಕಡೆಗೆ ಹೋಗುವ ಡ್ರ್ಯಾಗ್ ಲಿಂಕ್, ಎದುರು ಬದಿಯಲ್ಲಿ ಆಸರೆ ಕೊಡುವ ಐಡ್ಲರ್ ಆರ್ಮ್, ನಿಮ್ಮ ಗಾಡಿಯಲ್ಲಿ ಯಾವುದಿದೆಯೋ ಅದೆಲ್ಲವನ್ನೂ ಮುಟ್ಟಿ ನೋಡಿ. ರ್‍ಯಾಕ್ ಇರುವ ಗಾಡಿಯಲ್ಲಿ, ಅಂದರೆ ಸ್ಟೇರಿಂಗ್ ತಿರುಗಿಸಿದಾಗ ಹಲ್ಲಿನ ಕಂಬಿ ಅಕ್ಕಪಕ್ಕ ಸರಿಯುವ ಗಾಡಿಯಲ್ಲಿ, ಒಳಗಿನ ಜಾಯಿಂಟ್ ರಬ್ಬರ್ ಬೂಟ್‌ನೊಳಗೆ ಅಡಗಿರುತ್ತದೆ, ಬೂಟ್ ಹಿಸುಕಿ ಹಿಡಿದು ಪರೀಕ್ಷಿಸಿ. ಆಮೇಲೆ ಗಾಡಿ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ, ಟೈರನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಅಲ್ಲಿ ಪ್ಲೇ ಇದ್ದರೆ ಬಾಲ್ ಜಾಯಿಂಟ್ ಅಥವಾ ವೀಲ್ ಬೇರಿಂಗ್ ಕಡೆ ನೋಡಬೇಕು.

ಸವೆದದ್ದನ್ನೆಲ್ಲ ಬದಲಿಸಿದ ಮೇಲೆ ಬಲಪಡಿಸುವ ಮಾತು. ಟೈ ರಾಡ್ ಸಾಮಾನ್ಯವಾಗಿ ತುಂಡಾಗುವುದಕ್ಕಿಂತ ಬಾಗುವುದೇ ಹೆಚ್ಚು. ಚಕ್ರ ಕಲ್ಲಿಗೆ ಸಿಕ್ಕಿದಾಗ ಎರಡೂ ತುದಿಯಿಂದ ಒತ್ತಡ ಬಿದ್ದು ನಡು ಹೊರಕ್ಕೆ ಚಾಚುತ್ತದೆ. ಈ ಬಾಗುವಿಕೆಯನ್ನು ತಡೆಯುವ ಶಕ್ತಿ ವ್ಯಾಸದ ನಾಲ್ಕನೇ ಘಾತದಂತೆ ಏರುತ್ತದೆ: ಅದೇ ಉದ್ದದ 25 ಮಿಲಿಮೀಟರ್ ಗಟ್ಟಿ ರಾಡ್ ಬದಲು 30 ಮಿಲಿಮೀಟರ್‌ನದು ಹಾಕಿದರೆ ಸುಮಾರು ಎರಡು ಪಟ್ಟು ತಡೆಯುತ್ತದೆ. ರಾಡ್ ಮೇಲೆ ಬಿಗಿಯುವ ಉಕ್ಕಿನ ಸ್ಲೀವ್‌ಗಳು ಕಡಿಮೆ ಖರ್ಚಿನಲ್ಲಿ ಇದೇ ಕೆಲಸ ಮಾಡುತ್ತವೆ. ಸ್ಲೀವ್ ಸಡಿಲವಾಗಿ ಕೂತರೆ ಮಾತ್ರ ಪ್ರಯೋಜನವಿಲ್ಲ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಟೈ ರಾಡ್ ಬಾಗದಂತೆ ಮಾಡಿದರೆ ಪೆಟ್ಟು ಮುಂದಕ್ಕೆ ಸಾಗಿ ರ್‍ಯಾಕ್‌ಗೋ ಸ್ಟೇರಿಂಗ್ ಬಾಕ್ಸ್‌ಗೋ ಬೀಳುತ್ತದೆ. ಬಾಗಿದ ರಾಡನ್ನು ದಾರಿಯಲ್ಲೇ ಬದಲಿಸಬಹುದು, ಒಡೆದ ರ್‍ಯಾಕನ್ನು ಬದಲಿಸಲಾಗದು. ಹಾಗಾಗಿ ಎಲ್ಲಕ್ಕಿಂತ ದಪ್ಪನೆಯದನ್ನು ಹುಡುಕಬೇಡಿ, ಚೆನ್ನಾಗಿರುವ ಹಳೆಯ ರಾಡನ್ನು ಗಾಡಿಯಲ್ಲೇ ಇಟ್ಟುಕೊಳ್ಳಿ.

ಬಾಕ್ಸ್ ಇರುವ ಗಾಡಿಯಲ್ಲಿ ಅದರ ಬೋಲ್ಟ್‌ಗಳ ಸುತ್ತ ಚಾಸಿಸ್ ಒರೆಸಿ ಬೆಳಕು ಬಿಟ್ಟು ನೋಡಿ. ಬೋಲ್ಟ್ ತೂತಿನಿಂದ ಹೊರಟ ಸಣ್ಣ ತುಕ್ಕಿನ ಗೆರೆ ಕಂಡರೆ ಅದು ಬಿರುಕಿರಬಹುದು. ಬಿರುಕನ್ನು ಕೆಲಸ ಬಲ್ಲ ವೆಲ್ಡರ್ ಹತ್ತಿರ ಸರಿಮಾಡಿಸಿ, ನಂತರ ಬಾಕ್ಸ್‌ಗೆ ಆಸರೆ ಕೊಡುವ ಬ್ರೇಸ್ ಹಾಕಿ. ಟೈ ರಾಡ್, ಪಿಟ್‌ಮನ್ ಆರ್ಮ್, ಚಕ್ರದ ಹಬ್ ಹೊರುವ ನಕಲ್‌ಗಳಿಗೆ ಮಾತ್ರ ವೆಲ್ಡಿಂಗ್ ಬೇಡವೇ ಬೇಡ. ಹದ ಮಾಡಿದ ಉಕ್ಕು ಬಿಸಿಗೆ ತನ್ನ ಹದ ಕಳೆದುಕೊಳ್ಳುತ್ತದೆ.

ಸ್ಟೇರಿಂಗ್ ಡ್ಯಾಂಪರ್ (ಸ್ಟೇರಿಂಗ್‌ನ ಅದುರು ಹೀರುವ ಶಾಕ್ ಅಬ್ಸಾರ್ಬರ್) ಹಾಕಿದರೆ ನಡುಕ ನಿಲ್ಲುತ್ತದೆಂದು ಕೆಲವರು ನಂಬುತ್ತಾರೆ. ನಡುಕ ಮರೆಯಾಗುತ್ತದೆ, ಸವೆತ ಒಳಗೇ ಬೆಳೆಯುತ್ತದೆ. ಅದು ಕೊನೆಗೆ ಹಾಕುವ ವಸ್ತು.

ಜೋಡಿಸುವಾಗ ಹಳೆಯ ಎಂಡ್ ಬಿಚ್ಚಲು ಎಷ್ಟು ಸುತ್ತು ಬೇಕಾಯಿತೋ ಬರೆದಿಟ್ಟುಕೊಂಡು ಹೊಸದನ್ನೂ ಅಷ್ಟೇ ಸುತ್ತಿ. ಕೆಲವು ರಾಡ್‌ಗಳ ಒಂದು ತುದಿಯಲ್ಲಿ ಎಡ ಥ್ರೆಡ್ (ಎಡಕ್ಕೆ ತಿರುಗಿಸಿದರೆ ಬಿಗಿಯಾಗುವ ತಿರುಪು) ಇರುತ್ತದೆ, ಜೋರು ಮಾಡುವ ಮೊದಲು ನೋಡಿ. ಟೇಪರ್, ಅಂದರೆ ಎಂಡ್‌ನ ಕ್ರಮೇಣ ಸಪೂರವಾಗುವ ಪಿನ್ನನ್ನೂ ಅದು ಕೂರುವ ತೂತನ್ನೂ, ಒರೆಸಿ ಒಣಗಿಸಿ, ಅಲ್ಲಿ ಗ್ರೀಸ್ ಬೇಡ. ನಟ್ಟನ್ನು ಗಾಡಿಯ ಮ್ಯಾನ್ಯುಯಲ್ ಹೇಳಿದಷ್ಟು ಟಾರ್ಕ್ ರೆಂಚ್‌ನಲ್ಲಿ ಬಿಗಿ ಮಾಡಿ. ಸ್ಪ್ಲಿಟ್ ಪಿನ್ನಿನ ತೂತು ಸೇರದಿದ್ದರೆ ಇನ್ನೂ ಸ್ವಲ್ಪ ಬಿಗಿಸಿ, ಹಿಂದಕ್ಕೆ ಎಂದೂ ಸಡಿಲಿಸಬೇಡಿ.

ಕೊನೆಗೆ ಸ್ಟೇರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ. ಹೊಸ ರಾಡ್ ಬ್ರೇಕ್ ಹೋಸಿಗೆ, ಚಾಸಿಸ್‌ಗೆ ತಾಗಬಾರದು. ಅಲೈನ್‌ಮೆಂಟ್ ಮಾಡಿಸದೆ ದೂರ ಓಡಿಸಬೇಡಿ. ಅಲೈನ್‌ಮೆಂಟ್ ಆದ ಮೇಲೆ ಲಾಕ್ ನಟ್ ಮೇಲಿಂದ ರಾಡ್‌ವರೆಗೆ ಪೇಂಟಿನ ಒಂದು ಗೆರೆ ಎಳೆಯಿರಿ. ಮುಂದಿನ ಸಲ ಗಾಡಿ ಕೆಳಗೆ ಬಗ್ಗಿದಾಗ ಗೆರೆ ಮುರಿದು ಕಂಡರೆ ನಟ್ ಸಡಿಲಾಗಿದೆ ಎಂದೇ ಅರ್ಥ, ಅಲ್ಲೇ ಬಿಗಿಸಿ ಮತ್ತೆ ಅಲೈನ್‌ಮೆಂಟ್ ನೋಡಿಸಿ.