ಪೊಟೊಮ್ಯಾಕ್ ನದಿಯಲ್ಲಿ ಹಾಯಿದೋಣಿ ಏರಿಸಿ ವಾಷಿಂಗ್ಟನ್‌ಗೆ

ಪೊಟೊಮ್ಯಾಕ್ ನದಿ ಚೆಸಪೀಕ್ ಕೊಲ್ಲಿಯನ್ನು ಸೇರುವ ಪಾಯಿಂಟ್ ಲುಕೌಟ್‌ನಿಂದ ಅಮೆರಿಕದ ರಾಜಧಾನಿಗೆ ನೀರಿನ ದಾರಿ ಸುಮಾರು ನೂರು ನಾಟಿಕಲ್ ಮೈಲಿ. ಕಾರಿನಲ್ಲಿ ಎರಡು ಗಂಟೆಯ ಹಾದಿ. ನನ್ನ ಇಪ್ಪತ್ತೆಂಟು ಅಡಿಯ ಹಳೆಯ ದೋಣಿಗೆ ನಾಲ್ಕು ದಿನ ಬೇಕು. ಮೂರೇ ದಿನದಲ್ಲಿ ಮುಗಿಸುತ್ತೇನೆಂದು ಹೊರಟ ವರ್ಷ ಹೆಂಡತಿ ಎರಡು ದಿನ ಮಾತು ಬಿಟ್ಟಿದ್ದಳು. ನೀವು ಐದು ದಿನ ಇಟ್ಟುಕೊಳ್ಳಿ.

ಮೇ ತಿಂಗಳು ಒಳ್ಳೆಯದು, ಅಕ್ಟೋಬರ್ ಇನ್ನೂ ಒಳ್ಳೆಯದು. ಬೇಸಿಗೆಯಲ್ಲಿ ಕೆಳನದಿಯ ಉಪ್ಪುನೀರಿನಲ್ಲಿ ಕುಟುಕುವ ಲೋಳೆಮೀನುಗಳಿರುತ್ತವೆ. ಅಲ್ಲಿಯೇ ಏಡಿ ಬೋನುಗಳೂ ಇರುತ್ತವೆ. ಬೋನಿನ ಗುರುತಿಗೆ ಕಟ್ಟಿದ ತೇಲುಬುರುಡೆಯಷ್ಟೇ ನೀರಿನ ಮೇಲೆ ಕಾಣುತ್ತದೆ. ಅದರ ಹಗ್ಗ ಪ್ರೊಪೆಲ್ಲರ್‌ಗೆ ಸುತ್ತಿಕೊಂಡರೆ ನೀರಿಗೆ ಇಳಿಯದೆ ಗತಿಯಿಲ್ಲ. ನಾನು ಜುಲೈನಲ್ಲಿ ಇಳಿದಿದ್ದೇನೆ. ಉರಿ ಮರುದಿನ ಮಧ್ಯಾಹ್ನದವರೆಗೂ ಇತ್ತು. ಹಲ್ಲಿರುವ ಚಾಕು, ನೀರುಕನ್ನಡಕ, ತೋಳು ಮುಚ್ಚುವ ಅಂಗಿ ಕೈಗೆಟುಕುವಲ್ಲಿ ಇರಲಿ.

ಉಬ್ಬರವನ್ನು ನಂಬಿ, ಗಾಳಿಯನ್ನು ನಂಬಬೇಡಿ. ಈ ನದಿಯಲ್ಲಿ ಉಬ್ಬರ ವಾಷಿಂಗ್ಟನ್‌ವರೆಗೂ ಏರುತ್ತದೆ. ಅಲ್ಲಿಯೂ ನೀರು ಸುಮಾರು ಮೂರು ಅಡಿ ಏರಿಳಿಯುತ್ತದೆ. ಮೇಲಕ್ಕೆ ಹೋದಷ್ಟೂ ಅದರ ಹೊತ್ತು ತಡವಾಗುವುದರಿಂದ, ಉಬ್ಬರದ ಜೊತೆಗೇ ಹೊರಟವರಿಗೆ ನೀರಿನ ಒತ್ತಾಸೆ ಹೆಚ್ಚು ಹೊತ್ತು ಸಿಗುತ್ತದೆ. ಇಳಿತಕ್ಕೆ ಎದುರಾಗಿ ಎಂಜಿನ್ ಓಡಿಸುವುದೆಂದರೆ ಡೀಸೆಲ್ಲನ್ನು ನೀರಿಗೆ ಸುರಿದಂತೆ. ಹೊತ್ತು ನೋಡಿ ಮಲಗಿ. ಬೆಳಗಿನ ಜಾವ ನಾಲ್ಕಕ್ಕೆ ಏಳಬೇಕಾದರೆ ಏಳಿ.

ಮೊದಲ ರಾತ್ರಿ ಬ್ರೆಟನ್ ಬೇ, ಎರಡನೆಯದು ಕಲೋನಿಯಲ್ ಬೀಚ್. ನದಿಯ ನೀರು ವರ್ಜೀನಿಯಾ ದಡದವರೆಗೂ ಮೇರಿಲ್ಯಾಂಡ್‌ಗೆ ಸೇರಿದ್ದು. ಹಿಂದೆ ಜೂಜು ವರ್ಜೀನಿಯಾದಲ್ಲಿ ನಿಷಿದ್ಧವಾಗಿದ್ದು ಮೇರಿಲ್ಯಾಂಡ್‌ನಲ್ಲಿ ನಡೆಯುತ್ತಿದ್ದಾಗ, ವರ್ಜೀನಿಯಾ ದಡದ ಕಲೋನಿಯಲ್ ಬೀಚ್‌ನವರು ಇದೇ ಗಡಿಯ ನೆಪದಲ್ಲಿ ನೀರಿನ ಮೇಲೆ ಕಟ್ಟೆ ಕಟ್ಟಿ ಜೂಜಾಡಿಸಿದರು.

ಆ ಭಾಗದಲ್ಲಿ ಡಾಲ್‌ಗ್ರೆನ್ ನೌಕಾನೆಲೆಯ ಫಿರಂಗಿ ಪರೀಕ್ಷಾ ವಲಯವಿದೆ. 1918ರಿಂದ ಗುಂಡು ಹಾರಿಸುತ್ತಿದ್ದಾರೆ. ಸಾಮಾನ್ಯವಾಗಿ ವಾರದ ದಿನಗಳ ಹಗಲಿನಲ್ಲಿ. ರೇಡಿಯೋ ಹದಿನಾರನೇ ಚಾನೆಲ್‌ನಲ್ಲಿ ಇರಲಿ. ಕಾವಲು ದೋಣಿಯವರು ತೋರಿಸಿದ ಅಂಚನ್ನೇ ಹಿಡಿಯಿರಿ. ತಕರಾರು ಬೇಡ. ಶನಿವಾರ, ಭಾನುವಾರ ದಾಟುವಂತೆ ಲೆಕ್ಕ ಹಾಕುವುದು ಜಾಣತನ.

301ನೇ ಹೆದ್ದಾರಿಯ ಸೇತುವೆ ದಾಟಿದರೆ ಮಥಾಯಸ್ ಪಾಯಿಂಟ್ ಬಳಿ ನದಿ ಮಗ್ಗುಲು ಬದಲಿಸುತ್ತದೆ. ಅಲ್ಲಿಂದ ಮೇರಿಲ್ಯಾಂಡ್ ಪಾಯಿಂಟ್‌ವರೆಗೆ ಬೇಸಿಗೆಯ ನೈಋತ್ಯ ಗಾಳಿ ನೇರ ಮುಖಕ್ಕೆ. ಹಾಯಿ ಇಳಿಸಿ, ಎಂಜಿನ್ ಹಚ್ಚಿ, ಅವಮಾನವೇನಿಲ್ಲ.

ಮೂರನೇ ರಾತ್ರಿ ಮ್ಯಾಟವೋಮನ್ ಕ್ರೀಕ್. ಹೋಗುವ ಹಾದಿಯ ಮ್ಯಾಲೋಸ್ ಬೇಯಲ್ಲಿ ಮೊದಲ ಮಹಾಯುದ್ಧದ ಮರದ ಹಡಗುಗಳ ಅವಶೇಷಗಳು ನೂರಕ್ಕೂ ಹೆಚ್ಚು ಮುಳುಗಿವೆ. ದೂರದಿಂದಲೇ ನೋಡಿ. ಮೇಲ್ನದಿಯಲ್ಲಿ ಗುರುತು ಹಾಕಿದ ಆಳದ ಜಾಡು ಬಿಟ್ಟು ಅಂಚಿಗೆ ಸರಿದರೆ ನೀರುಹುಲ್ಲು ಪ್ರೊಪೆಲ್ಲರ್ ಕಟ್ಟಿಹಾಕುತ್ತದೆ. ಮಳೆಯಾಗಿದ್ದರೆ ಮರದ ದಿಮ್ಮಿಗಳೂ ತೇಲಿಬರುತ್ತವೆ.

ನಾಲ್ಕನೇ ದಿನ ಬಲಕ್ಕೆ ಫೋರ್ಟ್ ವಾಷಿಂಗ್ಟನ್, ಎಡಕ್ಕೆ ಮೌಂಟ್ ವರ್ನನ್, ಆಮೇಲೆ ವುಡ್ರೋ ವಿಲ್ಸನ್ ಸೇತುವೆ. ನನ್ನ ಹಾಯಿಕಂಬ ನಲವತ್ತೆರಡು ಅಡಿ, ಸೇತುವೆ ಎತ್ತಲು ಯಾರನ್ನೂ ಕೇಳಬೇಕಿಲ್ಲ. ಆದರೂ ಅಡಿಯಲ್ಲಿ ಹೋಗುವಾಗ ಪ್ರತಿಸಲ ತಲೆ ತಗ್ಗಿಸುತ್ತೇನೆ.

ಹೇನ್ಸ್ ಪಾಯಿಂಟ್‌ನ ತುದಿ ಸುತ್ತಿ ವಾಷಿಂಗ್ಟನ್ ಚಾನೆಲ್ ಎಂಬ ನೀರಿನ ಕವಲಿಗೆ ನಿಧಾನವಾಗಿ ಒಳಬನ್ನಿ. ಲಂಗರು ಬಿಟ್ಟು ಸರಪಳಿ ಧಾರಾಳವಾಗಿ ಕೊಟ್ಟು, ಎಂಜಿನ್ ಹಿಮ್ಮುಖ ಹಾಕಿ ಅದನ್ನು ಕೆಸರಿನಲ್ಲಿ ಕಚ್ಚಿಸಿ. ಬಳಿಕ ವಾಷಿಂಗ್ಟನ್ ಸ್ಮಾರಕವನ್ನು ದಡದ ಯಾವುದಾದರೂ ಮರದ ತುದಿಗೆ ಹೊಂದಿಸಿ ನೋಡಿ. ಚಹಾ ಕುಡಿದು ಮತ್ತೆ ನೋಡಿ. ಎರಡೂ ಬೇರೆಯಾಗುತ್ತಲೇ ಹೋದರೆ ಲಂಗರು ಜಾರುತ್ತಿದೆ. ಎತ್ತಿ ಮತ್ತೊಮ್ಮೆ ಹಾಕಿ.