ಹಿಚ್ ಹಾಕುವವರನ್ನು ಮಾತಾಡಿಸಬೇಡಿ

ಅಮೆರಿಕದ ವ್ಯೋಮಿಂಗ್ ರಾಜ್ಯದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ, ಮನೆಗಾಡಿಗಳು ತಂಗುವ ಫಿಶಿಂಗ್ ಬ್ರಿಡ್ಜ್ ಆರ್‌ವಿ ಪಾರ್ಕಿನಲ್ಲಿ, ಗಾಡಿಗೆ ಕಟ್ಟಿ ಎಳೆಯುವ ನಮ್ಮ 24 ಅಡಿ ಮನೆಯಂಥ ಟ್ರೇಲರನ್ನು ರಿವರ್ಸ್ ತಗೊಂಡು ನಮಗೆ ಕೊಟ್ಟ ಸೈಟಿಗೆ ಸೇರಿಸಲು ಮುಕ್ಕಾಲು ಗಂಟೆ ಹಿಡಿಯಿತು. ನಮ್ಮನೆಯವರು ಸ್ಟೀರಿಂಗಿನಲ್ಲಿ. ನಾನು ಹಿಂದೆ ನಿಂತು "ಲೆಫ್ಟು, ಲೆಫ್ಟು, ಅಯ್ಯೋ ಆ ಲೆಫ್ಟಲ್ಲ!" ಅಕ್ಕಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದ ನಾಲ್ಕೈದು ಜನ ಎದ್ದು ಬಂದು ಒಬ್ಬೊಬ್ಬರು ಒಂದೊಂದು ಕಡೆ ಕೈ ತೋರಿಸತೊಡಗಿದರು. ಕೊನೆಗೆ ಒಬ್ಬರು ಅಮೆರಿಕನ್ ಅಜ್ಜಿ ಬಂದು, ಮಿಕ್ಕವರನ್ನೆಲ್ಲ ವಾಪಸ್ ಕಳಿಸಿ, ಸಹಾಯ ಬೇಕಾ ಅಂತ ಕೇಳಿದರು. ನಾವು ಹೂಂ ಅಂದ ಮೇಲೆ ಐದೇ ನಿಮಿಷದಲ್ಲಿ ಟ್ರೇಲರ್ ಒಳಗಿತ್ತು.

ಆ ಅಜ್ಜಿ ಮಾಡಿದ್ದು ಇಷ್ಟು. ಸ್ಟೀರಿಂಗಿನ ಕೆಳಭಾಗದಲ್ಲಿ ಕೈ ಇಡಿಸಿದರು. ಟ್ರೇಲರಿನ ಹಿಂಭಾಗ ಯಾವ ಕಡೆ ಹೋಗಬೇಕೋ ಕೈಯನ್ನೂ ಅದೇ ಕಡೆಗೆ ಸರಿಸಬೇಕು. ಎಡ-ಬಲದ ಗೊಂದಲವೇ ಇಲ್ಲ. ತಾವು ಡ್ರೈವರ್ ಕಡೆಯ ಕನ್ನಡಿಯಲ್ಲಿ ಕಾಣುವ ಹಾಗೆ ನಿಂತರು. "ನಾನು ಕಾಣದಿದ್ದರೆ ತಕ್ಷಣ ಬ್ರೇಕ್ ಹಾಕು" ಅಂದರು. "ಲೆಫ್ಟ್" ಅನ್ನುವ ಬದಲು "ಡ್ರೈವರ್ ಕಡೆ", "ಪ್ಯಾಸೆಂಜರ್ ಕಡೆ" ಅಂದರು. ನೀವು ಯಾರಿಗಾದರೂ ದಾರಿ ತೋರಿಸುವುದಾದರೂ ಹೀಗೇ ಮಾಡಿ. ಒಬ್ಬರೇ ತೋರಿಸಿ, ಆಗಾಗ ತಲೆ ಎತ್ತಿ ನೋಡಿ. ಎಲ್ಲರೂ ನೆಲ ನೋಡುತ್ತಿರುತ್ತಾರೆ, ಮರದ ಕೊಂಬೆ ಸೂರಿನ ಮೇಲಿನ ಏಸಿಗೆ ಬಡಿದಿರುತ್ತದೆ.

ಇನ್ನು ನಾನೇ ಮಾಡಿದ ತಪ್ಪು. ಎರಡು ದಿನ ಬಿಟ್ಟು ಬೆಳಿಗ್ಗೆ ಮೂರು ಸೈಟ್ ಆಚೆ ಕನ್ನಡ ಕೇಳಿಸಿತು. ವ್ಯೋಮಿಂಗಿನ ಕಾಡಲ್ಲಿ ಕನ್ನಡ ಕೇಳಿದರೆ ಸುಮ್ನೆ ಕೂರೋಕೆ ಆಗತ್ತಾ? ಫಿಲ್ಟರ್ ಕಾಫಿ ಹಿಡಿದು ಓಡಿದೆ. ಹುಡುಗ ಬಗ್ಗಿ ಹಿಚ್ ಹಾಕುತ್ತಿದ್ದ, ಅಂದರೆ ಟ್ರೇಲರನ್ನು ಪಿಕಪ್ಪಿಗೆ ಕೊಂಡಿ ಹಾಕಿ ಸೇರಿಸುತ್ತಿದ್ದ. "ಯಾವೂರಪ್ಪಾ?" ಅಂದೆ. "ಹುಬ್ಬಳ್ಳಿಯವ್ರರೀ ಅಕ್ಕಾರ" ಅಂತ ಎದ್ದು ನಿಂತ. ಹತ್ತು ನಿಮಿಷ ಹರಟೆ. ಅವರು ಹೊರಟು ಮೊದಲ ತಗ್ಗು ದಾಟುವಾಗಲೇ ಟ್ರೇಲರಿನ ಮೂತಿಯ ಕಪ್ಲರ್, ಪಿಕಪ್ಪಿನ ಹಿಂದಿನ ಕಬ್ಬಿಣದ ಗುಂಡಿನಿಂದ (ಬಾಲ್) ಹಾರಿತು. ಹುಡುಗ ಕಪ್ಲರಿನ ಚಿಲಕ (ಲ್ಯಾಚ್) ಹಾಕಿರಲೇ ಇಲ್ಲ. ಸೇಫ್ಟಿ ಚೈನ್ ಹಿಡಿದುಕೊಂಡಿತು, ಪುಣ್ಯ. ಪಿಕಪ್ಪಿನ ಹಿಂದಿನ ಬಾಗಿಲು ಮಾತ್ರ ನಜ್ಜುಗುಜ್ಜು.

ಅದಕ್ಕೇ ಹೇಳುವುದು, ಹಿಚ್ ಹಾಕುವವರನ್ನೂ ಬಿಚ್ಚುವವರನ್ನೂ ಮಾತಾಡಿಸಬೇಡಿ. ಕಾಫಿ ಆಮೇಲೆ ಕೊಡಿ. ನಡುವೆ ಯಾರಾದರೂ ನಿಮ್ಮನ್ನೇ ಮಾತಾಡಿಸಿದರೆ, ನಾಚಿಕೆ ಬಿಟ್ಟು ಮೊದಲಿನಿಂದ ಶುರು ಮಾಡಿ. ಲ್ಯಾಚ್ ಮುಚ್ಚಿ, ಪಿನ್ ಹಾಕಿ, ಜ್ಯಾಕಿನಿಂದ ಟ್ರೇಲರಿನ ಮೂತಿಯನ್ನು ಎರಡು ಮೂರು ಇಂಚು ಮೇಲಕ್ಕೆತ್ತಿ. ಪಿಕಪ್ಪಿನ ಹಿಂಭಾಗವೂ ಜೊತೆಗೆ ಎದ್ದರೆ ಸರಿಯಾಗಿ ಕೂತಿದೆ ಅಂತ ಅರ್ಥ. ಬಿಚ್ಚುವಾಗ ಮೊದಲ ಕೆಲಸ ಚಕ್ರಕ್ಕೆ ಅಡ್ಡಗಟ್ಟೆ ಕೊಡುವುದು. ಅದಾಗದೆ ಬೇರೆ ಯಾವುದನ್ನೂ ಮುಟ್ಟಬೇಡಿ.

ಕೊಳಕು ನೀರಿನ ವಿಷಯ ಊಟದ ಹೊತ್ತಲ್ಲಿ ಓದಬೇಡಿ. ಸೈಟಿನಲ್ಲೇ ಸೀವರ್ (ಕೊಳಚೆ ಹೋಗುವ ಕೊಳವೆ) ಇದೆಯಲ್ಲ ಅಂತ ಹೊಸಬರು ಬ್ಲಾಕ್ ಟ್ಯಾಂಕಿನ, ಅಂದರೆ ಕಮೋಡಿನ ಟ್ಯಾಂಕಿನ, ವಾಲ್ವನ್ನು ತೆರೆದೇ ಬಿಡುತ್ತಾರೆ. ನೀರೆಲ್ಲ ಹರಿದುಹೋಗಿ ಗಟ್ಟಿಯಾದದ್ದು ಒಳಗೇ ಗುಡ್ಡೆ ಕಟ್ಟುತ್ತದೆ. ಮುಚ್ಚಿಡಿ. ಮೂರರಲ್ಲಿ ಎರಡು ಪಾಲಾದರೂ ತುಂಬಿದ ಮೇಲೆ ಒಟ್ಟಿಗೆ ಬಿಡಿ. ಮೊದಲು ಬ್ಲಾಕ್, ಅದನ್ನು ಮುಚ್ಚಿ ಗ್ರೇ, ಅಂದರೆ ಸಿಂಕು ಮತ್ತು ಸ್ನಾನದ ನೀರಿನ ಟ್ಯಾಂಕ್. ಸೋಪಿನ ನೀರು ಪೈಪನ್ನು ತೊಳೆದುಕೊಂಡು ಹೋಗುತ್ತದೆ. ಕಮೋಡಿಗೆ ಜಾಸ್ತಿ ನೀರು ಬಿಡಿ ಅಂತ ಇಲ್ಲಿಯವರು ಒಬ್ಬರಿಗೊಬ್ಬರು ಬುದ್ಧಿ ಹೇಳಿಕೊಳ್ಳುತ್ತಿರುತ್ತಾರೆ. ಚೊಂಬು ಹಿಡಿದು ಬೆಳೆದ ನಮಗೆ ಆ ತೊಂದರೆಯೇ ಇಲ್ಲ, ಟ್ಯಾಂಕ್ ಬೇಗ ತುಂಬುತ್ತದೆ ಅಷ್ಟೆ. ನಮ್ಮ ತೊಂದರೆ ಸಿಂಕಿನದು. ಅನ್ನದ ಅಗುಳು, ಕಾಯಿತುರಿ, ಕರಿಬೇವು ಹೋಗಿ ಕಟ್ಟಿಕೊಳ್ಳುತ್ತವೆ. ಸಿಂಕಿಗೆ ಜಾಲರಿ ಹಾಕಿ, ಒಗ್ಗರಣೆ ಬಾಣಲೆಯನ್ನು ಪೇಪರಿನಲ್ಲಿ ಒರೆಸಿ ತೊಳೆಯಿರಿ. ಕುಡಿಯುವ ನೀರಿನ ಬಿಳಿ ಪೈಪಿನಿಂದ ಮಾತ್ರ ಸೀವರ್ ಪೈಪ್ ತೊಳೆಯಬೇಡಿ. ಪಕ್ಕದವರು ತೊಳೆಯುತ್ತಿದ್ದರೆ, ಮೆಲ್ಲಗೆ, ಅವರಿಗಷ್ಟೇ ಕೇಳುವ ಹಾಗೆ ಹೇಳಿ.

ಕರೆಂಟಿನದು ಸುಲಭದ ಲೆಕ್ಕ. ನಮ್ಮಂಥ ಟ್ರೇಲರಿಗೆ ಸಿಗುವುದು 30 ಆಂಪ್, 120 ವೋಲ್ಟ್, ಅಂದರೆ 3,600 ವ್ಯಾಟ್. ಏಸಿಗೆ ಸುಮಾರು 1,500, ಕರೆಂಟಿನ ವಾಟರ್ ಹೀಟರಿಗೆ 1,400, ಇನ್‌ಸ್ಟಂಟ್ ಪಾಟಿಗೆ 1,000. ಮೂರೂ ಒಟ್ಟಿಗೆ ಹಾಕಿದರೆ ಬ್ರೇಕರ್ ಬೀಳುತ್ತದೆ, ಸಾರಿನ ಬೇಳೆ ಅರ್ಧ ಬೆಂದು ನಿಲ್ಲುತ್ತದೆ. ಪಕ್ಕದವರ ಕರೆಂಟ್ ಹೋಗಿದೆ ಅಂದರೆ, ಸೈಟಿಗೆ ಕರೆಂಟ್ ಕೊಡುವ ಕಂಬದ ಪೆಟ್ಟಿಗೆ (ಪೆಡೆಸ್ಟಲ್) ಬಿಚ್ಚಲು ಹೋಗಬೇಡಿ. ಏನೇನು ಹಾಕಿದ್ದೀರಿ ಅಂತ ಕೇಳಿ. ಹೆಚ್ಚಿನ ಸಲ ಉತ್ತರ ಅಲ್ಲೇ ಇರುತ್ತದೆ. ಅಂದಹಾಗೆ, ಯೆಲ್ಲೋಸ್ಟೋನ್ ಕೆರೆ ಇರುವುದು 7,700 ಅಡಿ ಎತ್ತರದಲ್ಲಿ. ಅಷ್ಟು ಎತ್ತರದಲ್ಲಿ ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಬೇಗ ಬೇಯುವುದಿಲ್ಲ. ಕುಕ್ಕರ್ ಮರೆಯಬೇಡಿ.

ಅದೇ ಆರ್‌ವಿ ಪಾರ್ಕಿನಲ್ಲಿ ಕರಡಿಗಳ ಕಾರಣಕ್ಕೆ ಟೆಂಟ್ ಹಾಕಲು ಬಿಡುವುದಿಲ್ಲ, ಗಟ್ಟಿ ಗೋಡೆಯ ಗಾಡಿಗಳಿಗೆ ಮಾತ್ರ ಜಾಗ. ಹೊಸಬರು ಊಟದ ತಟ್ಟೆ, ಕೂಲರ್ ಹೊರಗೆ ಬಿಟ್ಟು ವಾಕಿಂಗ್ ಹೋದರೆ, ಸ್ನೇಹ ಕೆಡುತ್ತದೆ ಅಂತ ಸುಮ್ಮನಿರಬೇಡಿ. ಅವರು ವಾಪಸ್ ಬಂದ ತಕ್ಷಣ ಹೇಳಿ. ಗಾಳಿ ಎದ್ದಾಗ ಪಕ್ಕದವರು ಒಳಗಿದ್ದರೆ ಬಾಗಿಲು ತಟ್ಟಿ ಆನಿಂಗ್ (ಗಾಡಿಯ ಬದಿಯ ಬಟ್ಟೆಯ ಚಪ್ಪರ) ಮಡಚಲು ಹೇಳಿ. ಆ ಬಿಳಿ ಪೈಪಿನ ಮಾತು ಬಿಟ್ಟರೆ ನಾನು ಕೇಳದೆ ಮಾಡುವ ಉಪಕಾರ ಇವೆರಡೇ. ಮಿಕ್ಕಿದ್ದಕ್ಕೆಲ್ಲ ಮೊದಲು ಕೇಳುತ್ತೇನೆ. ಬೇಡ ಅಂದರೆ ವಾಪಸ್ ಬಂದು ಕೂರುತ್ತೇನೆ.

ಟಯರ್ ಬಗ್ಗೆ ಒಂದೇ ಮಾತು. ಅದರ ಬದಿಯಲ್ಲಿ ಅಚ್ಚಾಗಿರುವ ಡಾಟ್ (DOT) ನಂಬರಿನ ಕೊನೆಯ ನಾಲ್ಕು ಅಂಕಿ ನೋಡಿ. 2319 ಅಂತಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಸೆಕೆಂಡ್ ಹ್ಯಾಂಡ್ ಟ್ರೇಲರ್ ಕೊಳ್ಳುವಾಗ ನಾವು ಟಯರಿನ ಕಚ್ಚು ಸವೆದಿದೆಯಾ ಅಂತ ಮಾತ್ರ ನೋಡಿದ್ದೆವು, ವಯಸ್ಸು ನೋಡಿರಲಿಲ್ಲ. ನೆವಾಡಾದ ಬಿಸಿಲಲ್ಲಿ ಒಂದು ಒಡೆಯಿತು.

ನಮ್ಮ ಗಾಡಿಯಲ್ಲಿ ಈಗ ಒಂದು ಹಳೇ ಬಿಸ್ಕತ್ತಿನ ಡಬ್ಬಿ ಇದೆ. ಅದರಲ್ಲಿ ನೀರಿನ ಪೈಪಿನ ರಬ್ಬರ್ ವಾಶರ್ ಹತ್ತಿಪ್ಪತ್ತು, ಫ್ಯೂಸ್‌ಗಳು, ಒಂದು ಪ್ರೆಶರ್ ರೆಗ್ಯುಲೇಟರ್, ಹಿಚ್ ಪಿನ್ ಎರಡು, ಟಾರ್ಚು, ಬಿಸಾಕುವ ಕೈಗವಸಿನ ಪೆಟ್ಟಿಗೆ. ಪ್ರತಿ ಟ್ರಿಪ್ಪಿನಲ್ಲೂ ಪಕ್ಕದವರು ಏನಾದರೊಂದು ಕೇಳಿಕೊಂಡು ಬರುತ್ತಾರೆ. ಎಲ್ಲಕ್ಕಿಂತ ಬೇಗ ಖಾಲಿಯಾಗುವುದು ಕೈಗವಸು.